ಹನ್ನೆರಡನೆಯ ಹುಡುಗಿ

ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ನೀರುದೋಸೆಯೂ ಇತಿಹಾಸವೂ ಒಟ್ಟಿಗೆ ತಯಾರಾಗುತ್ತಿದ್ದವು. ದೋಸೆ ವಾರಿಜಳದು, ಇತಿಹಾಸ ರತ್ನಪ್ರಭಾಳದು. ಇಬ್ಬರೂ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೆಂಚು ಸವೆಸಿದವರು. ೨೦೦೯ಕ್ಕೆ ಶಾಲೆಗೆ ಎಪ್ಪತ್ತೈದು. ಸ್ಮರಣಸಂಚಿಕೆಗೆ ಶಾಲೆಯ ಚರಿತ್ರೆ ಬರೆಯುವ ಕೆಲಸ ದೋಹಾದಲ್ಲಿರುವ ಹಳೆ ವಿದ್ಯಾರ್ಥಿನಿಯರ ತಲೆಗೆ ಬಂದಿತ್ತು.

ರತ್ನಪ್ರಭಾ ಲ್ಯಾಪ್‌ಟಾಪ್ ನೋಡಿ ಓದಿದಳು. ಎಂಟು ಪುಟ. ಆರರಲ್ಲಿ ಶಾಲೆ ಕಟ್ಟಿಸಿದ ಅವಳ ಅಜ್ಜ, ಉಳಿದೆರಡರಲ್ಲಿ ಅಜ್ಜನ ಮೀಸೆ.

"ನನ್ನ ಅಜ್ಜಿ ಎಲ್ಲಿ?" ಎಂದಳು ವಾರಿಜ.

ಅವಳ ಅಜ್ಜಿ ಅಕ್ಕು ಶಾಲೆಯ ಆಯಾ. ಹೆಣ್ಣುಮಕ್ಕಳನ್ನು ಬೀದಿಗೆ ಬಿಡದ ಕಾಲದಲ್ಲಿ ಮನೆಮನೆಗೆ ಹೋಗಿ, ಅಪ್ಪಂದಿರ ಬೈಗುಳ ತಿಂದು, ಹುಡುಗಿಯರನ್ನು ಕೋಳಿಮರಿಗಳಂತೆ ಸಾಲಾಗಿ ಅಟ್ಟಿಕೊಂಡು ಬಂದವಳು. ಅವಳ ಹೆಸರು ಒಂದು ಸಾಲಿನಲ್ಲಾದರೂ ಅಚ್ಚಾಗದಿದ್ದರೆ ತಾನು ಅಲ್ಲಿ ಓದಿದ್ದೇ ದಂಡ ಎಂದು ವಾರಿಜಳಿಗೆ ಅನಿಸಿತು.

"ಆಯಾನ ಹೆಸರೆಲ್ಲ ಯಾರು ಓದ್ತಾರೆ ಮಾರಾಯ್ತಿ? ಖಲಾಸ್, ಇವತ್ತೇ ಕಳಿಸ್ಬೇಕು. ಈ ಫೋಟೋ ನೋಡು. ಶುರುವಿನಲ್ಲಿ ಸ್ಕೂಲ್ ಇನ್ಸ್‌ಪೆಕ್ಟರ್ ಬಂದ ದಿನದ್ದು. ಕೊನೆಯವಳದ್ದು ನಮ್ಮ ಮನೆಯದೇ ಮೂಗು, ಯಾರೋ ಅತ್ತೆ ಇರ್ಬೇಕು. 'ಸ್ಥಾಪಕರ ಕುಟುಂಬದ ಪ್ರಥಮ ವಿದ್ಯಾರ್ಥಿನಿ' ಅಂತ ಅಡಿಯಲ್ಲಿ ಹಾಕಿದ್ದೇನೆ."

ವಾರಿಜ ನೋಡಿದಳು. ಹನ್ನೆರಡು ಮಂದಿ. ಕೊನೆಯ ಮಗು ಎರಡೂ ಕೈಯಿಂದ ಲಂಗ ಹಿಡಿದುಕೊಂಡಿತ್ತು, ಅಜ್ಜಿ ಹೇಳುತ್ತಿದ್ದ ಹಾಗೆಯೇ.

"ಅದು ಅತ್ತೆ ಅಲ್ಲ. ನಿನ್ನ ಅಪ್ಪ."

"ಎಂತ?"

"ಹನ್ನೆರಡು ಹುಡುಗಿಯರಿಲ್ಲದಿದ್ರೆ ಮಂಜೂರಿ ಇಲ್ಲ ಅಂದಿದ್ರಂತೆ. ಆ ದಿನ ಒಬ್ಬಳಿಗೆ ಜ್ವರ. ಅಜ್ಜಿ ನಿನ್ನ ಅಪ್ಪನಿಗೆ ಲಂಗ ಕಟ್ಟಿ, ಮಲ್ಲಿಗೆ ಮುಡಿಸಿ ನಿಲ್ಲಿಸಿದ್ರು."

"ಸುಳ್ಳು."

"ಅಪ್ಪ ಇದ್ದಾರಲ್ಲ. ಫೋನ್ ಮಾಡು."

ಎಂಬತ್ತಮೂರರ ಮುದುಕರ ದನಿ ಸ್ಪೀಕರಿನಲ್ಲಿ ಅಡುಗೆಮನೆಯಿಡೀ ತುಂಬಿತು. "ಲಂಗವಾ? ಹಸಿರು. ಅಕ್ಕು ಲಾಡಿ ಎಳೆದು ಬಿಗಿದ ಹೊಡೆತಕ್ಕೆ ಉಚ್ಚೆ ಹೊಯ್ಯಲಿಕ್ಕೂ ಆಗ್ಲಿಲ್ಲ. ಇನ್ಸ್‌ಪೆಕ್ಟರ್ ಮಗ್ಗಿ ಕೇಳಿದ, ಗಡಗಡ ಹೇಳಿದೆ. ಅದಿರಲಿ, ಅಕ್ಕುವಿನ ಬಗ್ಗೆ ಎಂತ ಬರ್ದಿದ್ದಿ? ಓದು."

ರತ್ನಪ್ರಭಾ ಎಂಟೂ ಪುಟಗಳನ್ನು ಸರಸರ ಮೇಲೆ ಕೆಳಗೆ ಸರಿಸಿದಳು.

"ಬರೀಲಿಲ್ವಾ? ಹಾಗಾದ್ರೆ ನನ್ನ ಫೋಟೋ ಅದ್ರಿಂದ ತೆಗ್ದುಬಿಡು. ಅವಳಿಲ್ಲದ ಪುಸ್ತಕದಲ್ಲಿ ನಾನು ಲಂಗ ಉಟ್ಟು ನಿಲ್ಲುವುದಿಲ್ಲ."

ಫೋನ್ ಇಟ್ಟಾಯಿತು. ರತ್ನಪ್ರಭಾ ಅಜ್ಜನ ಮೀಸೆಯ ಒಂದು ಪುಟ ಅಳಿಸಿದಳು. "ಪೂರ್ತಿ ಹೆಸರು?"

"ಅಕ್ಕು ಪೂಜಾರ್ತಿ. ಹೇಳ್ತಾ ಹೋಗ್ತೇನೆ, ಬರಿ."

ಪುಟ ತುಂಬಿದ ಮೇಲೆ ರತ್ನಪ್ರಭಾ ಮೆಲ್ಲಗೆ ಕೇಳಿದಳು: "ಫೋಟೋದ ಅಡಿಯಲ್ಲಿ ಎಂತ ಮಾಡುವುದು?"

"ಪ್ರಥಮ ವಿದ್ಯಾರ್ಥಿನಿ ಅಂತಲೇ ಇರ್ಲಿ. ಮಗ್ಗಿ ಬರ್ತಿತ್ತಲ್ಲ."

ಅಷ್ಟರಲ್ಲಿ ಕಾವಲಿಯಲ್ಲಿ ಕರಕಲಾಗಿದ್ದ ದೋಸೆಯನ್ನು ವಾರಿಜ ಎಬ್ಬಿಸಿ ಇತಿಹಾಸಕಾರ್ತಿಯ ತಟ್ಟೆಗೆ ಹಾಕಿದಳು.