ಹೆಬ್ಬೆಟ್ಟಿನ ಗೋರಂಟಿ

ಹೆಣ್ಣು ನೋಡಲು ಹೋದ ಗಂಡು ಜಗಲಿಯ ಮೇಲೆ ನಿಂತು ಸಾಕ್ಸ್ ಸಮೇತ ಕಾಲು ತೊಳೆದುಕೊಂಡ ಸುದ್ದಿಯನ್ನು ಮುಡುಕುತೊರೆಯ ಸುತ್ತಮುತ್ತ ಈಗಲೂ ಹೇಳಿಕೊಂಡು ನಗುತ್ತಾರೆ. ನಗಲಿ, ನಗುವಂಥದ್ದೇ. ಆದರೆ ಆ ಸಾಕ್ಸಿನೊಳಗೆ ಏನಿತ್ತೆಂದು ಅವತ್ತು ಗೊತ್ತಿದ್ದದ್ದು ಅದನ್ನು ಹಾಕಿಕೊಂಡಿದ್ದ ಮಧುಕುಮಾರನೊಬ್ಬನಿಗೆ ಮಾತ್ರ.

ಮಧು ನಂಜನಗೂಡಿನ ಹತ್ತಿರದ ಹೆಮ್ಮರಗಾಲದವನು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುತ್ತಾನೆ. ಬೆಳಿಗ್ಗೆ ಸೇಫ್ಟಿ ಶೂಗೆ ತುರುಕಿದ ಕಾಲು ಮತ್ತೆ ಗಾಳಿ ಕಾಣುವುದು ಶಿಫ್ಟ್ ಮುಗಿದ ಮೇಲೆಯೇ. ಆ ಬೆವರಿನಲ್ಲಿ ಬೆಂದು ಬೆಂದು ಬಲಗಾಲಿನ ಹೆಬ್ಬೆಟ್ಟಿನ ಉಗುರಿಗೆ ಫಂಗಸ್ ಹತ್ತಿ ವರ್ಷಗಳಾಗಿದ್ದವು. ಮೊದಲು ತುದಿಯಲ್ಲಿ ಸಣ್ಣಗೆ ಹಳದಿಯಾದದ್ದು, ಬರಬರುತ್ತಾ ಇಡೀ ಉಗುರು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿ, ದಪ್ಪವಾಗಿ, ಕತ್ತರಿಸಲು ಹೋದರೆ ಪುಡಿ ಉದುರುವಂತಾಗಿತ್ತು. ನೋವೇನೂ ಇರಲಿಲ್ಲ. ನೋವಿದ್ದಿದ್ದರೆ ಆಸ್ಪತ್ರೆಗಾದರೂ ಹೋಗುತ್ತಿದ್ದ. ನಾಚಿಕೆ ಮಾತ್ರ ಇತ್ತು, ಅದಕ್ಕೆ ಅವನು ಕಂಡುಕೊಂಡ ಮದ್ದು ಸಾಕ್ಸ್. ಮೊಬೈಲಿನಲ್ಲಿ ನೋಡಿ ಬೆಳ್ಳುಳ್ಳಿ ಜಜ್ಜಿ ಕಟ್ಟಿದ, ನಿಂಬೆಹಣ್ಣು ಉಜ್ಜಿದ, ಕರ್ಪೂರ ಕರಗಿಸಿದ ಎಣ್ಣೆ ಹಚ್ಚಿದ. ಉಗುರು ಜಪ್ಪಯ್ಯ ಎನ್ನಲಿಲ್ಲ.

ಹೀಗಿರುವಾಗ, ದಸರೆ ಕಳೆದ ಮೇಲೆ, ಮುಡುಕುತೊರೆಯ ದೇವರಾಜು ಅವರ ಮಗಳನ್ನು ನೋಡಲು ಮಧು ಮತ್ತು ಮನೆಯವರು ಹೋದರು. ಹೆಣ್ಣಿನ ತಾಯಿ ಸುಬ್ಬಲಕ್ಷ್ಮಮ್ಮ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಬನ್ನಿ, ಕಾಲಿಗೆ ನೀರ್ ತಕಳಿ.” ಮಧು ಶೂ ಬಿಚ್ಚಿದ. ಸಾಕ್ಸ್ ಬಿಚ್ಚಲು ಕೈ ಬರಲಿಲ್ಲ. ಹಿಂದೆ ಅವ್ವ ನಾಗರತ್ನಮ್ಮ, ಮುಂದೆ ಹೆಣ್ಣಿನ ಕಡೆಯವರ ಕಣ್ಣುಗಳು. ಚೊಂಬು ಇಸಿದುಕೊಂಡವನೇ ಸಾಕ್ಸಿನ ಮೇಲೇ ಸುರಿದುಕೊಂಡು ಒಳಗೆ ನಡೆದುಬಿಟ್ಟ.

ಕೆಂಪು ಗಾರೆಯ ನೆಲದ ಮೇಲೆ ಒದ್ದೆ ಸಾಕ್ಸಿನ ಹೆಜ್ಜೆ ಚಾಪೆಯವರೆಗೂ ಮೂಡಿತು. ಕಾಫಿ ತಂದ ಲಿಖಿತಾ ಗಂಡಿನ ಮುಖಕ್ಕಿಂತ ಮೊದಲು ಆ ಹೆಜ್ಜೆಗಳನ್ನು ನೋಡಿದಳು. ಅವಳು ಟಿ. ನರಸೀಪುರದ ಶಾಲೆಯೊಂದರಲ್ಲಿ ಟೀಚರು, ಮಕ್ಕಳ ಇಂಥ ಎಡವಟ್ಟುಗಳನ್ನು ದಿನವೂ ಕಾಣುವವಳು. ತಟ್ಟೆಯನ್ನು ಕೊಂಚ ಮೇಲೆ ಹಿಡಿದು ನಗು ನುಂಗಿಕೊಂಡಳು. ಆ ನುಂಗಿದ ನಗುವಿಗೇ ಮಧು ಬಿದ್ದುಹೋದ. ಹುಡುಗಿಯೂ ಒಪ್ಪಿದ್ದಾಳೆ ಎಂಬ ಸುದ್ದಿ ಬಂದಾಗ ಅವನಿಗೆ ಖುಷಿಯಾದಷ್ಟೇ ಭಯವೂ ಆಯಿತು.

ಭಯ ಯಾಕೆಂದರೆ, ಮದುವೆಯೆಂದ ಮೇಲೆ ಧಾರೆ. ಧಾರೆಗೆ ಮೊದಲು ಅತ್ತೆ ಮಾವ ಅಳಿಯನ ಕಾಲನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ತೊಳೆಯಬೇಕು. ಛತ್ರದ ತುಂಬ ಜನ, ಬಗ್ಗಿ ನಿಂತ ಕ್ಯಾಮೆರಾದವನು, ನಡುವೆ ಆ ಉಗುರು. ಮಧುವಿನ ಕಣ್ಣಿಗೆ ಕಟ್ಟಿದ ಮದುವೆಯಲ್ಲಿ ಹೆಣ್ಣೂ ಇರಲಿಲ್ಲ, ಮಂಟಪವೂ ಇರಲಿಲ್ಲ, ಆ ತಟ್ಟೆಯೊಂದೇ ಇತ್ತು.

ಹಾಗಾಗಿ ಕೊನೆಗೂ ನಂಜನಗೂಡಿನಲ್ಲಿ ಚರ್ಮದ ಡಾಕ್ಟರಮ್ಮನ ಮುಂದೆ ಹೋಗಿ ಕೂತ. ಅವರು ಉಗುರಿನ ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿ ಫಂಗಸ್ಸೇ ಎಂದು ಖಾತ್ರಿ ಮಾಡಿಕೊಂಡರು. ಲಿವರ್ ಸರಿಯಿದೆಯೇ ಎಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಆಮೇಲೆ, “ಮೂರು ತಿಂಗಳು, ದಿನಕ್ಕೊಂದು ಮಾತ್ರೆ. ತಪ್ಪಿಸಬಾರದು,” ಎಂದರು. ಅದರ ಹಿಂದೆಯೇ ಇನ್ನೂ ಏನೇನೋ ಹೇಳಿದರು. ಆದರೆ ‘ಮೂರು ತಿಂಗಳು’ ಎಂಬ ಮಾತು ಬಿದ್ದ ಕೂಡಲೇ ಮಧುವಿನ ಕಿವಿ ಬಾಗಿಲು ಹಾಕಿಕೊಂಡಿತ್ತು. ಡಾಕ್ಟರು ಹೇಳಿದ್ದರಲ್ಲಿ ನಮಗೆ ಬೇಕಾದಷ್ಟನ್ನು ಮಾತ್ರ ಕಟ್ಟಿಕೊಂಡು ಬರುವುದರಲ್ಲಿ ನಮ್ಮ ಜನ ಮೊದಲಿಂದಲೂ ಗಟ್ಟಿಗರು. ಮನೆಗೆ ಬಂದವನೇ, “ಶಿವರಾತ್ರಿ ಕಳುದ್ ಮ್ಯಾಲೆ ಲಗ್ನ ಮಡಿಕಳವು ಅನ್ನವ್ವ,” ಎಂದ. ಮಗ ಹೊಸಿಲು ದಾಟುವಾಗಲೂ ಯೋಚನೆ ಮಾಡುವವನು ಎಂದು ನಾಗರತ್ನಮ್ಮ ಬೀಗಿದರು. ನರಸೀಪುರದಲ್ಲಿ ಛತ್ರ ಗೊತ್ತಾಯಿತು.

ಮಧು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸಾಕ್ಸ್ ಬದಲಾಯಿಸಿದ, ಶೂ ಬಿಸಿಲಿಗಿಟ್ಟ, ಪೌಡರ್ ಹಾಕಿದ. ದಿನವೂ ಸಂಜೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಉಗುರನ್ನು ನೋಡಿದ. ಕೊನೆಯ ಮಾತ್ರೆ ನುಂಗಿದ ದಿನವೂ ಉಗುರು ಹಳೇ ಬೆಲ್ಲದ ಬಣ್ಣದಲ್ಲೇ ಇತ್ತು.

“ಏನ್ ಮೇಡಂ, ಮಾತ್ರೆ ಎಲ್ಲಾ ಮುಗುಸ್ದೆ, ಉಗುರು ಅಂಗೇ ಅದೆ,” ಎಂದು ಡಾಕ್ಟರ ಮುಂದೆ ಸಿಡಿಮಿಡಿಗೊಂಡ.

ಡಾಕ್ಟರಮ್ಮ ಅವನ ಕಾಲನ್ನು ದೀಪದ ಕೆಳಗೆ ಎಳೆದುಕೊಂಡರು. “ನಾನು ಅವತ್ತೇ ಹೇಳಿದ್ದೆ. ಮಾತ್ರೆ ಫಂಗಸ್ಸನ್ನ ಕೊಲ್ಲುತ್ತೆ, ಕೆಟ್ಟ ಉಗುರನ್ನ ಒಳ್ಳೇದು ಮಾಡೋದಿಲ್ಲ. ಬುಡದಿಂದ ಹೊಸ ಉಗುರು ಬೆಳೆದು ಹಳೇದನ್ನ ಮುಂದಕ್ಕೆ ತಳ್ಳಬೇಕು. ಕಾಲಿನ ಹೆಬ್ಬೆಟ್ಟಿಗೆ ಒಂದು ವರ್ಷ ಬೇಕು, ಕೆಲವರಿಗೆ ಒಂದೂವರೆ ವರ್ಷ. ಮಾತ್ರೆ ನಿಲ್ಲಿಸಿದ ಮೇಲೂ ಔಷಧಿ ಉಗುರಲ್ಲಿ ಕೆಲಸ ಮಾಡ್ತಾ ಇರುತ್ತೆ. ಇಲ್ಲಿ ನೋಡಿ.”

ಉಗುರಿನ ಬುಡದಲ್ಲಿ, ಚರ್ಮಕ್ಕೆ ತಾಗಿಕೊಂಡು, ಅಕ್ಕಿಕಾಳಿನ ಅಗಲದಷ್ಟು ಜಾಗ ತಿಳಿಗೆಂಪಾಗಿ ಹೊಳೆಯುತ್ತಿತ್ತು. “ಇದು ಒಳ್ಳೇ ಉಗುರು. ನಿಮಗೆ ಔಷಧಿ ಹತ್ತಿದೆ ಅನ್ನೋದಕ್ಕೆ ಇದೇ ಗುರುತು,” ಎಂದರು. ಅಷ್ಟು ಸಣ್ಣದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಮಧು ಇರಲಿಲ್ಲ.

“ಕಿತ್ತಾಕ್ಬುಡಿ ಮೇಡಂ.”

“ಕಿತ್ತರೂ ಹೊಸದು ಇದೇ ನಿಧಾನದಲ್ಲೇ ಬರೋದು. ಯಾಕೆ, ಅಷ್ಟೇನು ಅವಸರ?”

ಮಧು ಸಾಕ್ಸ್ ಏರಿಸಿಕೊಂಡು ಎದ್ದ. ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತಲೇ ಒಂದು ಉಪಾಯ ಹೊಳೆಯಿತು. ಅಲ್ಲೇ ನಿಂತು ದೇವರಾಜು ಅವರಿಗೆ ಫೋನ್ ಮಾಡಿದ. “ಮಾವ, ಕಾಲ್ ತೊಳಿಯೋ ಶಾಸ್ತ್ರ ಒಂದ್ ಬ್ಯಾಡ ಕಣಿ. ದೊಡ್ಡೋರು ನೀವು, ನನ್ ಕಾಲ್ ಮುಟ್ಟೋದು ಸರಿ ಕಾಣಕಿಲ್ಲ.” ದೇವರಾಜು “ನೋಡವು ಬುಡಪ್ಪ” ಎಂದು ಫೋನ್ ಇಟ್ಟರು. ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿಕೊಂಡು ಮಧು ಬಸ್ ಹತ್ತಿದ.

ಹೆಣ್ಣಿನ ಮನೆಯಲ್ಲಿ ಆ ಮಾತು ಏನಾಯಿತೆಂದು ಅವನಿಗೆ ತಿಳಿದದ್ದು ಮಾರನೆಯ ಸಂಜೆ, ಲಿಖಿತಾ ಫೋನ್ ಮಾಡಿದಾಗ. ಕಾಲು ತೊಳೆಯದೆ ಧಾರೆ ಎರೆಯುವುದುಂಟೇ ಎಂದು ನೆಂಟರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಕಾಲು ಕೊಡುವುದಿಲ್ಲ ಎಂದರೆ ಹೆಣ್ಣು ಬೇಡ ಎಂದೇ ಅರ್ಥ. ತಾಂಡ್ಯದಲ್ಲಿ ಬೇರೆ ಹುಡುಗಿ ಇದ್ದಾಳೆ ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು ಹಳೆಯ ಸಾಕ್ಸನ್ನು ನೆನಪು ಮಾಡಿಕೊಂಡು, “ಅವತ್ತೇ ನಮ್ಮನೆ ನೀರು ಅವನ್ ಕಾಲ್ಗೆ ಸೋಕ್ನಿಲ್ಲ” ಎಂದಿದ್ದರು. ಸುಬ್ಬಲಕ್ಷ್ಮಮ್ಮ ಅಳುತ್ತಾ ಕೂತಿದ್ದರು.

“ಒಂದೇ ಮಾತು ಕೇಳ್ತೀನಿ,” ಎಂದಳು ಲಿಖಿತಾ. “ನಾನು ಬ್ಯಾಡ್ವಾ?”

“ಬೇಕು.”

“ಮತ್ತೆ ಕಾಲ್ದೇನು?”

“ಐದ್ ನಿಮಿಷ,” ಎಂದು ಮಧು ಫೋನ್ ಇಟ್ಟ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಲಗಾಲಿನ ಸಾಕ್ಸ್ ಬಿಚ್ಚಿ, ಹೆಬ್ಬೆಟ್ಟಿನ ಫೋಟೊ ತೆಗೆದ. ಅದುವರೆಗೆ ಅವಳಿಗೆ ಕಳಿಸಿದ್ದ ಫೋಟೊಗಳಲ್ಲೆಲ್ಲ ತಲೆ ಬಾಚಿಕೊಂಡು ಬೈಕಿಗೆ ಒರಗಿ ನಿಂತಿದ್ದ. ಈ ಫೋಟೊದ ಕೆಳಗೆ ಬರೆದ: ‘ಇದು ನನ್ನ ಕಾಲು. ಫಂಗಸ್. ವಾಸಿ ಆಗ್ತದೆ, ಆದ್ರೆ ಮದುವೆ ಒಳಗೆ ಆಗಲ್ಲ.’ ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟ. ಟಿಕ್ಕು ನೀಲಿಯಾಯಿತು. ಉತ್ತರ ಬರಲಿಲ್ಲ.

ಬೆಳಿಗ್ಗೆ ಬಂದದ್ದು ದೇವರಾಜು ಅವರ ಮೊಪೆಡ್ಡು. ಅದನ್ನು ಕಂಡ ಕೂಡಲೇ ಸಂಬಂಧ ಕಿತ್ತುಹೋಯಿತು ಎಂದುಕೊಂಡ ಮಧು. ಏನೂ ತಿಳಿಯದ ನಾಗರತ್ನಮ್ಮ ಕಾಲಿಗೆ ನೀರು ತಂದರು. ದೇವರಾಜು ಚೊಂಬು ಮುಟ್ಟಲಿಲ್ಲ. “ಆಮೇಲ್ ತಕತೀನಿ ಕಣಮ್ಮ. ಮೊದ್ಲು ನಿಮ್ ಮಗನ್ ಕಾಲ್ ತೋರ್ಸಿ.”

ಮಧು ಅವ್ವನ ಮುಖ ನೋಡದೆ ಸಾಕ್ಸ್ ಬಿಚ್ಚಿದ. ದೇವರಾಜು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಉಗುರನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು.

“ಇದೇನಾ?”

“ಊಂ ಮಾವ.”

“ಇಷ್ಟೇನಾ?”

“ಇಷ್ಟೇ.”

ದೇವರಾಜು ಕನ್ನಡಕ ತೆಗೆದು, ಜಗಲಿಯ ಮೇಲೆ ಕುಸಿದು ಕೂತು, ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿದ ಮೇಲೂ ಕಣ್ಣು ಒದ್ದೆಯಾಗಿಯೇ ಇತ್ತು. “ಎರಡ್ ದಿನದಿಂದ ನನ್ ಮಗ್ಳು ಅನ್ನ ಮುಟ್ಟಿಲ್ಲ ಕಣಪ್ಪ. ಫೋಟೊ ತೋರಿಸ್ತು, ನಂಗ್ ನಂಬ್ಕೆ ಬರ್ನಿಲ್ಲ. ಉಗುರಿಗೋಸ್ಕರ ಯಾವನಾರ ಇಂಗ್ ಮಾಡಾನಾ ಅಂತ ನಾನೇ ನೋಡವು ಅಂದ್ಬುಟ್ಟು ಬಂದೆ. ನೀನು ಒಂದ್ ಉಗುರ ಮುಚ್ಚಕೋಗಿ ನಮ್ಮನೆ ಮಾನ ಬೀದಿಗ್ ಬುಟ್ಟಿದ್ದೀಯಲ್ಲ.”

ಮಧುವಿಗೆ ಆಗ ಆದ ನಾಚಿಕೆಯ ಮುಂದೆ ಉಗುರಿನ ನಾಚಿಕೆ ಏನೇನೂ ಅಲ್ಲ. ಜನ ತನ್ನನ್ನು ನೋಡಿ ನಕ್ಕಾರು ಎಂದು ಹೆದರಿದ್ದನೇ ಹೊರತು, ಇನ್ನೊಂದು ಮನೆಯಲ್ಲಿ ಯಾರಾದರೂ ಅತ್ತಾರು ಎಂದು ಯೋಚಿಸಿರಲೇ ಇಲ್ಲ. “ತಪ್ಪಾಯ್ತು ಮಾವ,” ಎಂದ.

“ಕಾಲ್ ತೊಳೀದೆ ನಾನು ಮಗಳ್ನ ಕೊಡಕಿಲ್ಲ. ತೊಳೀತೀನಿ. ಉಗುರು ವಾಸಿಯಾಯ್ತದಂತೇನು?”

“ವಾಸಿಯಾಯ್ತದೆ. ಆದ್ರೆ ಇನ್ನೂ ಒಂದ್ ವರ್ಸ ಆಯ್ತದಂತೆ ಮಾವ.”

“ಆಗ್ಲಿ. ನೀನೇನು ಒಂದ್ ವರ್ಸಕ್ಕೆ ಮದ್ವೆ ಆಯ್ತಿದ್ದೀಯಾ?”

ಆಮೇಲೆ ನಾಗರತ್ನಮ್ಮನ ಕಡೆ ತಿರುಗಿ, “ತತ್ತಮ್ಮ ನೀರ,” ಎಂದರು. ಅವರು ಕಾಲು ತೊಳೆದು ಒಳಗೆ ಹೋಗಿ ಕಾಫಿ ಕುಡಿಯುವಾಗ ಮಧುವಿನ ಫೋನಿಗೆ ಲಿಖಿತಾಳ ಉತ್ತರ ಬಂತು. ‘ಫೋಟೊ ಅಪ್ಪಂಗೆ ತೋರಿಸಿದೆ, ಬೈಬೇಡಿ. ಚಪ್ಪರದ ದಿನ ಕಾಲಿಗೂ ಗೋರಂಟಿ ಹಚ್ಚಿಸ್ಕೊಳ್ಳಿ. ಹತ್ತೂ ಉಗುರಿಗೆ.’

ಈ ಸಲ ಮಧು ಡಾಕ್ಟರನ್ನು ಕೇಳಿದ, ಅವರು ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡ. ಅಂಗಡಿಯ ಕಪ್ಪು ಮೆಹಂದಿ ಕೋನ್ ಬೇಡ, ಗಿಡದ ಎಲೆಯಾದರೆ ಒಂದು ಸಲ ಹಚ್ಚಿಕೊಳ್ಳಿ ಎಂದರು ಡಾಕ್ಟರಮ್ಮ. ಚಪ್ಪರದ ದಿನ ನಾಗರತ್ನಮ್ಮ ಎಲೆ ರುಬ್ಬಿ ಮಗನ ಕಾಲಿನ ಹತ್ತೂ ಬೆರಳಿಗೆ ಮೆತ್ತಿದರು. ಬಣ್ಣವೇನೋ ಚೆನ್ನಾಗಿಯೇ ಹಿಡಿಯಿತು. ಆದರೆ ದಪ್ಪ ಉಗುರು ದಪ್ಪ ಉಗುರೇ. ಬಗ್ಗಿ ನೋಡುವವರಿಗೆ ಕಾಣುತ್ತಿತ್ತು.

ಬಗ್ಗಿ ನೋಡುವವರಿಗೇನು ಬರ? ಧಾರೆಯ ಹೊತ್ತಿಗೆ ಕ್ಯಾಮೆರಾದವನು ತಟ್ಟೆಯ ಮೇಲೆಯೇ ಬಾಗಿದ. ಸಾಕ್ಸಿನ ಕಥೆ ಹಬ್ಬಿಸಿದ್ದ ಲಿಖಿತಾಳ ಚಿಕ್ಕಮ್ಮಂದಿರು ಕತ್ತು ಉದ್ದ ಮಾಡಿದರು. ದೇವರಾಜು ಮಧುವಿನ ಬಲಗಾಲನ್ನು ಎತ್ತಿ ತಟ್ಟೆಯಲ್ಲಿಟ್ಟು, ತಮ್ಮ ಎಡಗೈಯ ಹೆಬ್ಬೆಟ್ಟನ್ನು ನೇರ ಆ ಉಗುರಿನ ಮೇಲೆ ಇಟ್ಟರು. ಸುಬ್ಬಲಕ್ಷ್ಮಮ್ಮ ಹಾಲು ಬಿಟ್ಟರು, ನೀರು ಬಿಟ್ಟರು. ದೇವರಾಜು ಬಲಗೈಯೊಂದರಲ್ಲೇ ತೊಳೆದರು. “ಎರಡೂ ಕೈಯಲ್ಲಿ ತೊಳೀರಿ,” ಎಂದರು ಪುರೋಹಿತರು. “ಒಂದೇ ಸಾಕು ಬುಡಿ ಸ್ವಾಮಿ,” ಎಂದರು ದೇವರಾಜು, ತಲೆ ಎತ್ತದೆ. ಪಂಚೆಯ ಚುಂಗಿನಿಂದ ಒರೆಸಿ ಕಾಲನ್ನು ಕೆಳಗಿಡುವವರೆಗೂ ಆ ಹೆಬ್ಬೆಟ್ಟು ಕದಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಲಿಖಿತಾಳ ಕಣ್ಣುಗಳು ತುಂಬಿದ್ದವು.

ಮದುವೆಯಾದ ಮೇಲೆ ಉಗುರಿನ ಮೇಲ್ವಿಚಾರಣೆ ಲಿಖಿತಾಳ ಪಾಲಿಗೆ ಬಂತು. ಆ ಕಾಲಿಗೇ ಬೇರೆ ನೈಲ್ ಕಟರ್ ಇಟ್ಟಳು. ಗೋರಂಟಿ ಹಚ್ಚಿದ್ದರಿಂದ ಒಂದು ಅನುಕೂಲ ಆಗಿತ್ತು. ಬುಡದಲ್ಲಿ ಹೊಸದಾಗಿ ಬಂದದ್ದು ಬಣ್ಣವಿಲ್ಲದೆ ಬರುತ್ತಿದ್ದರಿಂದ, ಎಷ್ಟು ಬೆಳೆಯಿತೆಂದು ಕಣ್ಣಿಗೇ ಕಾಣುತ್ತಿತ್ತು. ಆದರೂ ಮಧುವಿಗೆ ನಡುನಡುವೆ ಜೀವ ಹಾರುತ್ತಿತ್ತು. “ನಿಂತೋಗದೆ ಕಣೇ, ಮೊನ್ನೆನೂ ಇಲ್ಲೇ ಇತ್ತು,” ಎನ್ನುತ್ತಿದ್ದ. “ಮೊನ್ನೆ ನೋಡಿ ಇವತ್ತು ನೋಡಿದ್ರೆ ಏನ್ ಕಾಣ್ತದೆ? ಹಬ್ಬ ಕಳುದ್ ಮೇಲೆ ನೋಡಿ,” ಎಂದು ಅವಳು ಸಾಕ್ಸ್ ಒಣಹಾಕಲು ಹೋಗುತ್ತಿದ್ದಳು. ಗೌರಿ ಹಬ್ಬ ಕಳೆಯಿತು. ದಪ್ಪಗೆ ಹಳದಿಯಾಗಿದ್ದ ಭಾಗವೆಲ್ಲ ಮುಂದಕ್ಕೆ ಬಂದು, ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ಹೋಯಿತು. ದೀಪಾವಳಿ, ಸಂಕ್ರಾಂತಿ ಕಳೆದವು. ದಿನಾ ನೋಡುವ ಚಾಳಿ ಅಷ್ಟರಲ್ಲಿ ಮಧುವಿಗೇ ಬಿಟ್ಟುಹೋಗಿತ್ತು.

ಮುಂದಿನ ಶಿವರಾತ್ರಿಗೆ ಇಬ್ಬರೂ ಮುಡುಕುತೊರೆಗೆ ಹೋದರು. ಸುಬ್ಬಲಕ್ಷ್ಮಮ್ಮ ಚೊಂಬು ಹಿಡಿದು ನಿಂತಿದ್ದರು. ಮಧು ಚಪ್ಪಲಿ ಬಿಟ್ಟು, ನಿಧಾನವಾಗಿ ನೀರು ಹಾಕಿಕೊಂಡು, ಬೆರಳ ಸಂದುಗಳನ್ನೂ ಉಜ್ಜಿ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಒಳಗೆ ಹೋದ. ಸುಬ್ಬಲಕ್ಷ್ಮಮ್ಮ ಕಾಲನ್ನೇ ನೋಡಿ, ಖಾಲಿ ಚೊಂಬು ತೆಗೆದುಕೊಂಡು ಹೋದರು.

ಸಂಜೆ ಜಗಲಿಯ ಮೇಲೆ ಲಿಖಿತಾ ನೈಲ್ ಕಟರ್ ತೆಗೆದಳು. ಉಗುರೆಲ್ಲ ತಿಳಿಯಾಗಿ, ತುದಿಯಲ್ಲಿ ಮಾತ್ರ ದಾರದೆಳೆಯಷ್ಟು ಗೋರಂಟಿ ಉಳಿದಿತ್ತು. “ಕೊಡಿ ಕಾಲ್ನ, ಇದೊಂದ್ ಹೋದ್ರೆ ಮುಗೀತು,” ಎಂದಳು.

ಮಧು ಕಾಲು ಹಿಂದಕ್ಕೆ ಎಳೆದುಕೊಂಡ. ಕಿತ್ತಾಕ್ಬುಡಿ ಎಂದು ಡಾಕ್ಟರನ್ನು ಗೋಗರೆದಿದ್ದವನು ಇವನೇ. “ಈಗ ತುದೀಲಿರೋದು ಧಾರೆ ದಿನ ಬುಡದಲ್ಲಿತ್ತು ಕಣೇ. ನಿಮ್ಮಪ್ಪ ಹೆಬ್ಬೆಟ್ಟು ಮಡಗಿದ್ರಲ್ಲ, ಅದ್ರ ಕೆಳಗೆ. ಇವತ್ತೊಂದಿನ ಇರ್ಲಿ.”

ಅಂಗಳದಲ್ಲಿ ದೇವರಾಜು ಮೊಪೆಡ್ಡಿನಿಂದ ಹುಲ್ಲಿನ ಹೊರೆ ಇಳಿಸುತ್ತಿದ್ದರು. ಲಿಖಿತಾ ಒಮ್ಮೆ ಅತ್ತ ನೋಡಿ, ನೈಲ್ ಕಟರನ್ನು ಮಡಚಿ ಬ್ಯಾಗಿನೊಳಗೆ ಹಾಕಿದಳು.