ಫೋಟೋದ ಕೋಳಿ

"ಹೊಳಪು ಸಾಲದು ಕಣೇ. ಹೆಣಕ್ಕೆ ಎಣ್ಣೆ ಸವರಿದಂಗಿದೆ. ನಿಮ್ಮಪ್ಪ ಯಾವತ್ತಾದ್ರೂ ಇಡೀ ಕೋಳಿ ಮನೆಗೆ ತಂದಿದ್ರೆ ತಾನೆ, ಅದು ಹೆಂಗಿರುತ್ತೆ ಅಂತ ನಿಂಗೆ ಗೊತ್ತಾಗೋಕೆ. ದರಿದ್ರದ್ದೇ."

ಹೋಟೆಲಿನ ಧಣಿ ಕುರ್ಚಿಯಲ್ಲಿ ಒರಗಿ, ಹಲ್ಲುಕಡ್ಡಿ ಆಡಿಸುತ್ತ ಹೇಳಿದ. ಡಿಸೈನು ಹುಡುಗಿ ಬ್ರಷ್ಷನ್ನು ಕಂದು ಬಣ್ಣದಲ್ಲಿ ಅದ್ದಿ ಕೋಳಿಯ ತೊಡೆಗೆ ಇನ್ನೊಂದು ಸಲ ಎಳೆದಳು. ಬೀದಿಯ ಕ್ಷೌರದಂಗಡಿ, ಟೈಲರು, ಬೇಕರಿ ಎಲ್ಲರಿಗೂ ಬೋರ್ಡು, ಮೆನು ಕಾರ್ಡು, ವೆಬ್‌ಸೈಟು ಮಾಡಿಕೊಡುವವಳು ಅವಳೇ. ಊಟದ ಫೋಟೋ ಅಂದರೆ ಊಟದ್ದಲ್ಲ, ಅದೇ ಆ ಕಸುಬಿನ ಗುಟ್ಟು. ಪೂರ್ತಿ ಬೆಂದ ಕೋಳಿ ಕ್ಯಾಮೆರಾದ ಮುಂದೆ ಸುಕ್ಕುಗಟ್ಟಿ ಕೂರುತ್ತದೆ. ಹಾಗಾಗಿ ಚರ್ಮಕ್ಕಷ್ಟೇ ಬಿಸಿ ತೋರಿಸಿ, ಒಳಗೆ ಹಸಿಯಾಗೇ ಬಿಟ್ಟು, ಮೇಲೆ ಬಾಗಿಲಿಗೆ ಹೊಡೆಯುವ ಬಣ್ಣ, ಅದರ ಮೇಲೆ ವಾರ್ನಿಷ್. ಪಕ್ಕದ ಲೋಟದಲ್ಲಿ ಹಾಲಿಲ್ಲ, ಬಿಳಿ ಗೋಂದು. ಎಲ್ಲ ನಡೆದದ್ದು ಧಣಿಯ ಕಣ್ಣೆದುರೇ. ವಾರ್ನಿಷ್ ಡಬ್ಬಿ ತಂದುಕೊಟ್ಟವನೂ ಅವನೇ.

ಅವಳು ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣ ಗೋಡೆಯಾಚೆ ಇತ್ತು. ಹಿತ್ತಿಲಿನ ನಲ್ಲಿಯ ಬಳಿ ಅವಳ ಅವ್ವ ಇದೇ ಹೋಟೆಲಿನ ಪಾತ್ರೆ ತಿಕ್ಕುತ್ತಿದ್ದಳು. "ನೀನು ನೆಟ್ಟಗೆ ಕೆಲಸ ಮಾಡು, ನಿಮ್ಮವ್ವ ನೆಟ್ಟಗಿರ್ತಾಳೆ" ಎಂದು ಧಣಿ ಮೊದಲ ದಿನವೇ ಹೇಳಿದ್ದ. ಮೊಣಕಾಲು ಸವೆದ ಹೆಂಗಸಿಗೆ ಇನ್ಯಾರು ಕೆಲಸ ಕೊಡಬೇಕು?

ಫೋಟೋ ಮುಗಿಯಿತು. "ಅಣ್ಣಾ, ಇದನ್ನ ಕಸಕ್ಕೆ ಹಾಕು. ನಾಯಿಗೂ ಹಾಕಬೇಡ," ಎಂದಳು ಅಡುಗೆಯವನಿಗೆ.

ಧಣಿ ನಕ್ಕ. "ಕಸಕ್ಕಾ? ಹಿತ್ತಿಲಲ್ಲಿರೋರಿಗೆ ಕೊಡೋ. ಅವರ ಹೊಟ್ಟೆಗೆ ಕಲ್ಲು ಹಾಕಿದ್ರೂ ಅರಗುತ್ತೆ. ನೀ ಬಾರೇ ಇಲ್ಲಿ, ನನ್ನ ಹೆಸರು ಇನ್ನೂ ದಪ್ಪ ಮಾಡು."

ತಮಾಷೆ ಅಂದುಕೊಂಡಳು. ಕಂಪ್ಯೂಟರಿನ ಮುಂದೆ ಕೂತು ಅವನ ಹೆಸರನ್ನು ದಪ್ಪ ಮಾಡಿದಳು, ಬಂಗಾರದ ಬಣ್ಣ ಕೊಟ್ಟಳು, ಅವನಿಗೆ ಸಾಕಾಗುವಷ್ಟು ಹಿಗ್ಗಿಸಿದಳು.

ಹಿತ್ತಿಲಿಗೆ ಬಂದಾಗ ಅವ್ವ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಅಷ್ಟು ಹಿಗ್ಗು ಅವಳ ಮುಖದಲ್ಲಿ ಎಂದೂ ಇದ್ದದ್ದಿಲ್ಲ.

"ಬಾ ಮಗಾ. ಧಣಿ ಇವತ್ತು ಕೋಳಿ ಕಳಿಸವ್ನೆ. ಎಂಜಲಲ್ಲ ಕಣೇ, ಯಾರೂ ಮುಟ್ಟದ್ದು. ಒಂಚೂರು ಕಹಿ, ಒಳಗೆ ಹಸಿಹಸಿ. ದೊಡ್ಡೋರ ರುಚಿ ಹಂಗೇ ಇರುತ್ತೇನೋ, ನಂಗೇನು ಗೊತ್ತು. ನಿಂಗೆ ಅಂತ ತೊಡೆ ಎತ್ತಿಟ್ಟೀನಿ."

ಅವ್ವನ ತುಟಿ ಹೊಳೆಯುತ್ತಿತ್ತು.

ಮಗಳು ಅವಳ ಬಾಯಿಗೆ ಬೆರಳು ಹಾಕಿದಳು. ಆಗಲೇ ತಡವಾಗಿತ್ತು. ಸ್ವಲ್ಪ ಹೊತ್ತಿಗೆಲ್ಲ ಅವ್ವ ನಲ್ಲಿಯ ಕೊಳವೆ ತಬ್ಬಿಕೊಂಡು, ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡಳು. ತೊಳೆದಿಟ್ಟ ತಟ್ಟೆಗಳ ಮೇಲೆ ಬೀಳಬಾರದೆಂದು ಆಗಲೂ ಮುಖ ಆಚೆ ತಿರುಗಿಸುತ್ತಿದ್ದಳು.

ಧಣಿ ಮೂಗು ಮುಚ್ಚಿಕೊಂಡು ಬಂದು ನಿಂತ. "ಥೂ, ಹೊಟ್ಟೆಬಾಕ ಮುಂಡೇದು. ಬಣ್ಣ ಅಂತ ಗೊತ್ತಾಗಲಿಲ್ವಾ? ನಾಲಗೆಯಾ, ಚಪ್ಪಲಿಯಾ ಅದು?"

"ನಿಮಗೆ ಗೊತ್ತಿತ್ತು."

"ಇತ್ತು. ಯಾರಿಗೆ ಹೇಳ್ತೀಯ? ಬಣ್ಣ ಬಳಿದ ಕೈ ಯಾರದು? ಆಸ್ಪತ್ರೇಲಿ ಕೇಳಿದ್ರೆ ನಿನ್ನ ಕೈನೇ ತೋರಿಸ್ತೀನಿ." ಹಲ್ಲುಕಡ್ಡಿ ಉಗಿದ. "ನಾಡಿದ್ದು ವೆಬ್‌ಸೈಟಿನ ಉದ್ಘಾಟನೆ. ಅಂಥದೇ ಕೋಳಿ ಮೇಜಿನ ಮೇಲಿರಬೇಕು. ನೆಟ್ಟಗೆ ಮಾಡಿದ್ರೆ ನಿಮ್ಮವ್ವ ಎದ್ದು ಬರೋ ತನಕ ಜಾಗ ಇಟ್ಟಿರ್ತೀನಿ. ಇಲ್ಲಾಂದ್ರೆ ಬೇರೆಯವಳು."

ಅವಳು ನೆಟ್ಟಗೇ ಮಾಡಿದಳು. ಅವ್ವನನ್ನು ಆಸ್ಪತ್ರೆಯ ವರಾಂಡದಲ್ಲಿ ಮಲಗಿಸಿ ಬಂದು, ಕೋಳಿಗೆ ಬಣ್ಣ ಬಳಿದಳು, ವಾರ್ನಿಷ್ ಹೊಡೆದಳು. ಈ ಸಲ ಧಣಿ ಕುಂದು ಹುಡುಕಲಿಲ್ಲ.

ಉದ್ಘಾಟನೆಗೆ ಬೀದಿಯ ವ್ಯಾಪಾರಿಗಳೆಲ್ಲ ಬಂದು ಕೂತರು. ಗೋಡೆಯ ಪರದೆಯ ಮೇಲೆ ಆಳೆತ್ತರದ ಕೋಳಿ ಮಿಂಚಿತು. ಬಿಳಿ ಅಂಗಿಯ ಧಣಿ ಮೈಕು ಹಿಡಿದ. "ನಮ್ಮ ಮಕ್ಕಳಿಗೆ ಬಡಿಸದ ತಟ್ಟೇನ ನಾವು ಯಾರ ಮುಂದೂ ಇಡೋದಿಲ್ಲ."

ಚಪ್ಪಾಳೆ. ಆಗ ಡಿಸೈನು ಹುಡುಗಿ ಕ್ಯಾಮೆರಾವನ್ನು ಪರದೆಗೆ ಜೋಡಿಸಿದಳು. ಕೋಳಿ ಹೋಗಿ ಅದರ ಜಾಗದಲ್ಲಿ ಧಣಿಯ ಮುಖ ಬಂತು, ಗೋಡೆಯಷ್ಟಗಲ. ಅವಳು ಮೇಜಿನ ಹತ್ತಿರ ಹೋಗಿ ತೊಡೆ ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು.

"ಒಂದು ತುತ್ತು, ಧಣಿ. ಎಲ್ರೂ ನೋಡ್ಲಿ."

"ತಿನ್ನಿ ಸ್ವಾಮಿ, ನಾಚಿಕೆ ಯಾಕೆ," ಎಂದು ಬೇಕರಿಯವನು ನಕ್ಕ.

ಧಣಿ ಹಲ್ಲು ಕಚ್ಚಿ ಗೊಣಗಿದ. "ಲೌಡಿ, ನಿಮ್ಮವ್ವನ ಜಾಗ ಹೋಯ್ತು ಅಂತ ತಿಳ್ಕೋ."

"ತಿಳ್ಕೊಂಡೇ ಬಂದಿದೀನಿ." ಕೈ ಕೆಳಗಿಳಿಸಲಿಲ್ಲ. "ಒಂಚೂರು ಕಹಿ ಇರುತ್ತೆ. ನಮ್ಮವ್ವ ಹೇಳಿದ್ಲು, ದೊಡ್ಡೋರ ರುಚಿ ಹಂಗೇ ಅಂತೆ."

ಬೇಕರಿಯವನ ನಗು ಅರ್ಧಕ್ಕೇ ನಿಂತಿತು. ಮುರಿದ ತೊಡೆಯ ಹಸಿ ಮಾಂಸದಿಂದ ನೆತ್ತರು, ಅದರ ಜೊತೆ ಕಂದು ಬಣ್ಣ, ಅವಳ ಮುಂಗೈಗುಂಟ ಇಳಿದು ಧಣಿಯ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕತೊಡಗಿತು. ಗೋಡೆಯ ಮೇಲೆ, ಗೋಡೆಯಷ್ಟಗಲ, ಬಿಗಿದು ಮುಚ್ಚಿದ ಅವನ ಬಾಯಿ.