ನಾದಿನಿ ಎಂಬ ಕಲ್ಲು

ಚಹಾದ ಲೋಟ ಕೈಯಲ್ಲಿ ಹಿಡಿದೇ ಅವನು ಕಲ್ಲಿನ ಕತೆ ಹೇಳತೊಡಗಿದ್ದ. ಸಾವಿನ ಮನೆಯಲ್ಲಿ ಸುಮ್ಮನೆ ಕೂರಲಾಗದ ಜನ ಇರುತ್ತಾರೆ, ಇವನು ಆ ಪೈಕಿ. ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದವಳು ವೀಕ್ಷಣಾಲಯದಲ್ಲಿ ಅವನ ಜೊತೆ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದ್ದಳು. ದೂರದರ್ಶಕ ತೆಗೆದ ಚಿತ್ರಗಳಲ್ಲಿ ಜಾಗ ಬಿಟ್ಟು ಸರಿದ ಚುಕ್ಕೆಗಳನ್ನು ಹುಡುಕಿ, ಅವುಗಳ ದಾರಿ ಲೆಕ್ಕ ಹಾಕುವುದು ಇಬ್ಬರ ಕೆಲಸವಾಗಿತ್ತು.

ಆ ಚುಕ್ಕೆಗಳಲ್ಲೊಂದು ಆಕಾಶದ ಸಣ್ಣ ಕಲ್ಲು, ಹೆಚ್ಚೆಂದರೆ ನಾಲ್ಕು ಬಸ್ಸಿನಷ್ಟು ಉದ್ದ. ನಮ್ಮ ಭೂಮಿಯ ಹಾಗೇ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದಂತೆ. ಇಲ್ಲಿಂದ ನೋಡಿದರೆ ನಮ್ಮನ್ನೇ ಸುತ್ತುವಂತೆ ಕಾಣುತ್ತದೆ. ಹತ್ತಿರ ಬರುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ.

"ಅದಕ್ಕೆ ಬರೀ ನಂಬರು ಇರೋದು. ಇವರು ಮಾತ್ರ ನಾದಿನಿ ಅಂತಿದ್ರು," ಎಂದ ಅವನು. "ಇವತ್ತು ನಾದಿನಿ ಕಾಣಿಸಿದ್ಲು, ಇವತ್ತು ಮೋಡ, ನಾದಿನಿ ಇಲ್ಲ. ಹೀಗೇ."

ಯಾರೂ ನಗಲಿಲ್ಲ. ಸತ್ತವಳ ಸ್ವಂತ ನಾದಿನಿ ಬೀದಿಬಾಗಿಲ ಹೊರಗೇ ನಿಂತಿದ್ದಾಳೆಂದು ಪಾಪ, ಅವನಿಗೇನು ಗೊತ್ತು. ಪಕ್ಕದ ಬೀದಿಯ ದರ್ಜಿ ಅವಳು. ರಾತ್ರಿಯೆಲ್ಲ ಎದುರುಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಅಣ್ಣ, ಸತ್ತವಳ ಗಂಡ, ಹೋಗಿ ಒಳಗೆ ಬಾ ಎಂದು ಕರೆದರೆ ಇಲ್ಲೇ ಇರುತ್ತೇನೆ ಎಂದಳು. ಮಧ್ಯಾಹ್ನ ವ್ಯಾನು ಬರುವುದಿತ್ತು. ಅಷ್ಟರೊಳಗೆ ಹೊಸಿಲು ದಾಟದಿದ್ದರೆ ಅತ್ತಿಗೆಯ ಮುಖ ಇನ್ನು ಕಾಣುವಂತಿರಲಿಲ್ಲ.

*

ಕೆಲವು ವರ್ಷಗಳ ಹಿಂದೆ ದರ್ಜಿಯ ತಾಯಿ ಮಗನ ಜೊತೆ ಈ ಮನೆಯಲ್ಲೇ ಇದ್ದರು. ಸೊಸೆ ಬೆಳಗಾಗುವಾಗ ಕೆಲಸದಿಂದ ಬಂದು, ಅತ್ತೆಗೆ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಕಿವಿಗೆ ಹತ್ತಿ ತುರುಕಿಕೊಂಡು, ಕಪ್ಪು ಪರದೆ ಎಳೆದು ಮಲಗುತ್ತಿದ್ದಳು. ರಾತ್ರಿ ಕಣ್ಣು ಸವೆಸುವವರಿಗೆ ಹಗಲೇ ರಾತ್ರಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ, ಸಂಜೆಯ ತನಕ ಬರುವವನಲ್ಲ.

ಒಂದು ಮಧ್ಯಾಹ್ನ ಮಗಳು ಅಮ್ಮನಿಗೆಂದು ಹೊಲಿದ ಹೊಸ ಅಂಗಿ ತಂದಾಗ, ತಾಯಿ ಆ ಮಲಗುವ ಕೋಣೆಯ ಬಾಗಿಲ ಮುಂದೆ ಬಿದ್ದಿದ್ದರು. ಮೈ ತಣ್ಣಗಾಗಿತ್ತು. ಎಬ್ಬಿಸಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅದೆಲ್ಲ ಆ ಹೊತ್ತಿನಲ್ಲಿ ಯಾರ ಕಿವಿಗೆ ಹೋಗುತ್ತದೆ?

"ಅತ್ತಿಗೆ, ಅಮ್ಮ ಬಾಗಿಲ ತನಕ ಬಂದಿದಾಳೆ. ಕರೆದಿರ್ತಾಳೆ. ನೀವು ಮಲಗಿದ್ರಿ."

ಅಷ್ಟೇ ಅಂದದ್ದು. ಅವತ್ತಿನಿಂದ ನಾದಿನಿ ಆ ಮನೆಯೊಳಗೆ ಕಾಲಿಡಲಿಲ್ಲ. ಆದರೆ ಹೊಲಿದ ಬಟ್ಟೆ ಕೊಡಲು ಹೊರಟರೆ, ಹತ್ತಿರದ ದಾರಿ ಬಿಟ್ಟು ದಿನಾ ಈ ಬೀದಿಯಲ್ಲೇ ಹಾಯ್ದು ಹೋಗುತ್ತಿದ್ದಳು. ಬೀದಿಗೆಲ್ಲ ಗೊತ್ತಿದ್ದ ಸಂಗತಿ.

*

"ಕಲ್ಲು ಅಂತ ಬಯ್ತಿದ್ರು ಅನ್ನಿ ನನ್ನ," ಎಂದಳು ದರ್ಜಿ ಬಾಗಿಲಿಂದ.

ವೀಕ್ಷಣಾಲಯದವನ ಮುಖ ಇಂಗು ತಿಂದ ಮಂಗನಂತಾಯಿತು. ಲೋಟ ಕೆಳಗಿಟ್ಟು, ತಡವರಿಸುತ್ತ ಹೇಳಿದ. ಆ ಕಲ್ಲಿನ ದಾರಿ ಗೊತ್ತಾಗಿದೆಯಲ್ಲ, ಅದಕ್ಕೇಕೆ ದೂರದರ್ಶಕದ ಹೊತ್ತು ಹಾಳು ಎಂದು ಮೇಲಿನವರು ಪ್ರತಿ ವರ್ಷ ತಗಾದೆ ತೆಗೆಯುತ್ತಿದ್ದರು. ಸತ್ತವಳು ಪಟ್ಟು ಬಿಡುತ್ತಿರಲಿಲ್ಲ. "ಗೊತ್ತಿರೋದು ಬೇರೆ, ನೋಡೋದು ಬೇರೆ ಅಂತಿದ್ರು. ಒಂದು ವರ್ಷ ನೋಡದಿದ್ರೆ ಎಲ್ಲಿ ಕೈತಪ್ಪಿ ಹೋಗ್ತಾಳೋ ಅಂತ ಭಯ ಅವರಿಗೆ."

ಮೂಲೆಯಲ್ಲಿ ಕೂತಿದ್ದ ಅಣ್ಣ ತಲೆಯೆತ್ತಲಿಲ್ಲ.

"ಅಮ್ಮ ಹೋದ ದಿನದಿಂದ ಕಿವಿಗೆ ಹತ್ತಿ ಇಡೋದೇ ಬಿಟ್ಟುಬಿಟ್ಲು ಕಣೇ," ಎಂದ. "ಬರೀ ಕಿವೀಲಿ ಮಲಗೋಳು. ನಿದ್ದೆ ಎಲ್ಲಿ ಬರುತ್ತೆ? ಮಧ್ಯಾಹ್ನ ನೀನು ಕಿಟಕಿ ಕೆಳಗೆ ಹಾದುಹೋದ ಮೇಲೇ ಕಣ್ಣು ಮುಚ್ತಿದ್ದದ್ದು. ನಿನ್ನ ನಡಿಗೆ ಗೊತ್ತಿತ್ತು ಅವಳಿಗೆ."

"ಒಂದು ಮಾತು ಹೇಳಬಾರದಿತ್ತಾ ನೀನು?"

"ಹೇಳಬೇಕಿತ್ತು. ಇಬ್ಬರ ಮಧ್ಯೆ ನನಗೂ ಸಾಕಾಗಿತ್ತು."

ದರ್ಜಿ ಒಳಗೆ ಬಂದಳು. ಅತ್ತಿಗೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಅತ್ತಿಗೆಯ ಅಂಗಿಯ ಕಾಲರಿನ ಅಂಚಿನಲ್ಲಿ ಎಳೆಯೊಂದು ಬಿಟ್ಟಿತ್ತು, ಅದನ್ನು ಹಲ್ಲಿನಿಂದ ಕತ್ತರಿಸಿ ಸರಿ ಮಾಡಿದಳು. ಆಮೇಲೆ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಎದುರುಮನೆಯಾಕೆ ಅವಳನ್ನು ತೋಳು ಹಿಡಿದು, ಬೀದಿಬಾಗಿಲ ಪಕ್ಕದ ಮಲಗುವ ಕೋಣೆಗೆ ಕರೆದೊಯ್ದಳು. ಕಪ್ಪು ಪರದೆ ಎಳೆದದ್ದು ಎಳೆದ ಹಾಗೇ ಇತ್ತು. ಒಂದು ಗಳಿಗೆ ಬೆನ್ನು ಚಾಚುತ್ತೇನೆ ಎಂದವಳು, ಅತ್ತಿಗೆಯ ದಿಂಬಿಗೆ ತಲೆ ತಾಗಿದ್ದೇ ತಡ, ಬಾಯಿ ತೆರೆದು ನಿದ್ದೆ ಹೋದಳು.

ವ್ಯಾನು ಬಂದಾಗಲೂ ಎಚ್ಚರವಾಗಲಿಲ್ಲ. ಡ್ರೈವರ್ ಹಾರನ್‌ಗೆ ಕೈ ಹಾಕುವ ಮುಂಚೆ ಅಣ್ಣ ಬೀದಿಗೆ ಓಡಿ ತಡೆದ. ತಿರುಗಿ ಬಂದರೆ ಎದುರುಮನೆಯಾಕೆ ಅವಳನ್ನು ಎಬ್ಬಿಸಲು ಹೊರಟಿದ್ದಳು.

"ಬೇಡ," ಎಂದ. "ಈ ಮನೇಲಿ ಹಗಲು ಮಲಗಿದೋರನ್ನ ನಾವು ಎಬ್ಬಿಸಲ್ಲ."

"ಎದ್ದ ಮೇಲೆ ನಿನ್ನ ಸುಮ್ಮನೆ ಬಿಡ್ತಾಳಾ?"

"ಬಯ್ಯಲಿ. ಕೇಳಿಸ್ಕೋತೀನಿ."

ಹೊರಲು ಬಂದ ನಾಲ್ವರೂ ದಪ್ಪ ಬೂಟಿನ ಆಳುಗಳು. ಅಣ್ಣ ಅವರ ಕಾಲು ನೋಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಗ್ಗಿ ಲೇಸು ಬಿಚ್ಚಿದರು. ಪೆಟ್ಟಿಗೆ ಮೇಲೆದ್ದಿತು. ಮಲಗುವ ಕೋಣೆಯ ಬಾಗಿಲ ಮುಂದೆ ನಾಲ್ವರೂ ಉಸಿರು ಬಿಗಿಹಿಡಿದು, ಕಾಲುಚೀಲದ ತುದಿಬೆರಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಅತ್ತಿಗೆಯನ್ನು ಹೊತ್ತು ದಾಟಿದರು.